ಓಬೆಡ್ ಮೆಶರ್ ರುಜು ಹಾಕಿದ ಮೀನು

ಅರವತ್ತಮೂರನೆಯ ವಯಸ್ಸಿನಲ್ಲಿ ಓಬೆಡ್ ಮೆಶರ್ ಟ್ರೌಟ್ ಮೀನು ತಿನ್ನುವುದನ್ನು ಬಿಟ್ಟ. ಲ್ಯಾಬ್ರಡಾರ್‌ನ ನಮ್ಮ ಕೊಲ್ಲಿಯ ದಡದಲ್ಲಿ ಇದು ಅನ್ನ ಬಿಟ್ಟ ಹಾಗೆ. ಪಾದ್ರಿಗಳು ಕಾರಣ ಕೇಳಿದರು, ನರ್ಸು ಹೊಟ್ಟೆ ಒತ್ತಿ ನೋಡಿದಳು, ನೆರೆಯವರು ನಕ್ಕರು. ಅವನು ಯಾರಿಗೂ ಉತ್ತರ ಕೊಡಲಿಲ್ಲ. ಅವನ ಹೆಂಡತಿ ಟ್ರೈಫೀನಾ ಮಾತ್ರ, ಕೇಳಿದವರಿಗೆಲ್ಲ, "ಅವನ ಹೊಟ್ಟೇಲಿ ಒಂದು ಮೀನು ಕೂತಿದೆ, ಇನ್ನೂ ಇಳಿದಿಲ್ಲ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ಮೀನಿನ ಕಥೆ ಇದು. ಚೆಂದದ ಕಥೆಯಲ್ಲ.

ಓಬೆಡ್‌ನ ಅಪ್ಪ ಜೇಬೆಜ್ ತುಪ್ಪಳದ ಬೇಟೆಗಾರ. ಪ್ರತಿ ಸೆಪ್ಟೆಂಬರಿನಲ್ಲಿ ದೋಣಿಗೆ ಹಿಟ್ಟು, ಚಹಾ, ಉಪ್ಪು ಹಾಕಿದ ಹಂದಿಮಾಂಸ ತುಂಬಿಕೊಂಡು ಹೊಳೆಗೆ ಎದುರಾಗಿ ಹೊರಡುತ್ತಿದ್ದ. ನೀರು ಬಂಡೆಗಳಿಗೆ ಅಪ್ಪಳಿಸುವ ಕಡೆಗಳಲ್ಲಿ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆದು, ಹತ್ತೊಂಬತ್ತನೆಯ ದಿನ ಕರಿ ಕೆಟಲ್ ಸರೋವರ ಮುಟ್ಟುತ್ತಿದ್ದ. ಹದಿಮೂರನೆಯ ವಯಸ್ಸಿನಿಂದ ಓಬೆಡ್ ಅವನ ಹಿಂದೆ. ಅಲ್ಲಿ ಅವರದೊಂದು ದಿಮ್ಮಿಯ ಮನೆಯಿತ್ತು. ಮುಂದೆ ತುಪ್ಪಳದ ಬೆಲೆ ಕುಸಿಯಿತು, ಜೇಬೆಜ್ ಸತ್ತ, ಹಿಮದ ಬಂಡಿ ಮಗುಚಿ ಓಬೆಡ್‌ನ ಸೊಂಟದ ಕೀಲು ಮುರಿಯಿತು. ದೋಣಿ ಹೊರುವ ಮಾತು ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ರ್‍ಯಾಂಡಲ್ ಕೀಚ್ ಎಂಬ ಹೊರಗಿನವನು ಸರೋವರದ ದಡವನ್ನು ಗುತ್ತಿಗೆ ಹಿಡಿದು, ಜೇಬೆಜ್‌ನ ಮನೆಯ ಪಕ್ಕದಲ್ಲೇ ಶ್ರೀಮಂತ ಗಾಳಗಾರರಿಗಾಗಿ ಲಾಡ್ಜು ಕಟ್ಟಿಸಿದ. ರಸ್ತೆಯಿಲ್ಲ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಒಂದೂಕಾಲು ಗಂಟೆ. ದಾರಿ ತೋರಿಸುವ ಆಳಾಗಿ ಓಬೆಡ್ ಸೇರಿದ, ಇಪ್ಪತ್ತಾರು ಬೇಸಿಗೆ ದುಡಿದ.

ಸಂಬಳಕ್ಕಾಗಿ ಅವನು ಹೋಗುತ್ತಿದ್ದನೆಂದು ಊರು ತಿಳಿದಿತ್ತು. ಹಾಗಲ್ಲ. ಅವನಿಗೆ ಬೇಕಾಗಿದ್ದದ್ದು ವಿಮಾನದಲ್ಲಿ ಒಂದು ಸೀಟು. ಜೂನ್‌ನಲ್ಲಿ ಹಿಮಗಡ್ಡೆ ಒಡೆದ ಮೇಲೆ ಆ ಸೀಟು ಸಿಕ್ಕರೆ ಸೆಪ್ಟೆಂಬರಿನವರೆಗೆ ಸರೋವರ ಅವನದು. ಸಿಗದಿದ್ದರೆ ಬದುಕಿರುವವರೆಗೆ ಅದನ್ನು ನೋಡುವ ಬೇರೆ ದಾರಿಯಿಲ್ಲ. ಇದು ಕೀಚ್‌ಗೂ ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲಿ ಮೀನು ನೀರಿನಿಂದ ಮೇಲೆ ಬಂದ ಕೂಡಲೇ ತಲೆಗೆ ಒಂದೇಟು. ಒದ್ದಾಡಲು ಬಿಡುವವನನ್ನು ಸೋಮಾರಿ ಎನ್ನುತ್ತೇವೆ. ತಿನ್ನುವ ಪದಾರ್ಥದ ಜೊತೆ ಆಟವಾಡುವ ಮಗುವಿನ ಬೆನ್ನಿಗೂ ಒಂದೇಟು ಬೀಳುತ್ತದೆ. ಕೊಂದದ್ದನ್ನು ತಿನ್ನಬೇಕು, ತಿನ್ನಲಾಗದಿದ್ದರೆ ಪಕ್ಕದ ಮನೆಗೆ ಕೊಡಬೇಕು, ಅದೂ ಆಗದಿದ್ದರೆ ನಾಯಿಗೆ. ಇದರಲ್ಲಿ ಧರ್ಮದ ಮಾತೇನೂ ಇಲ್ಲ. ಹಸಿದ ಚಳಿಗಾಲಗಳನ್ನು ಕಂಡವರ ಅಚ್ಚುಕಟ್ಟು, ಅಷ್ಟೆ.

ಲಾಡ್ಜಿನ ಮೊದಲ ಬೇಸಿಗೆ ಮುಗಿಸಿ ಬಂದ ಓಬೆಡ್ ಅಡುಗೆಮನೆಯಲ್ಲಿ ಕೂತು ಟ್ರೈಫೀನಾಗೆ ಹೇಳಿದನಂತೆ.

"ಅವ್ರು ಮೀನಿಗೆ ಮುತ್ತು ಕೊಡ್ತಾರೆ ಕಣೆ ಹುಡ್ಗಿ."

"ಆಮೇಲೆ?"

"ನೀರಿಗೆ ಬಿಟ್ಬಿಡ್ತಾರೆ."

"ತಿನ್ನಲ್ವಾ?"

"ಊಹೂಂ. ಅವ್ರು ತಿನ್ನೋದು ದನದ ಮಾಂಸ. ವಿಮಾನದಲ್ಲಿ ಬರುತ್ತೆ."

"ಮತ್ತೆ ಯಾಕಪ್ಪಾ ಹಿಡೀತಾರೆ?"

"ಮುತ್ತು ಕೊಡೋಕೆ ಅಂತ ಕಾಣುತ್ತೆ."

ಟ್ರೈಫೀನಾ ಒಲೆಗೆ ಇನ್ನೊಂದು ಸೌದೆ ತುರುಕಿ ಹೇಳಿದಳು: "ಪಾಪ, ಹೆಂಡ್ತೀರು ಹತ್ರ ಸೇರಿಸಲ್ವೇನೋ."

ನಗುವ ಮಾತೇ. ಆದರೆ ಓಬೆಡ್ ಆ ಕೆಲಸವನ್ನು ಕಲಿತ, ಎಲ್ಲರಿಗಿಂತ ಚೆನ್ನಾಗಿ ಕಲಿತ. ಲಾಡ್ಜಿನ ನಿಯಮ ಒಂದೇ: ದೊಡ್ಡ ಟ್ರೌಟ್ ಯಾವುದನ್ನೂ ಕೊಲ್ಲಕೂಡದು. ಹಿಡಿಯಬೇಕು, ತೂಗಬೇಕು, ಫೋಟೊ ತೆಗೆಸಿಕೊಳ್ಳಬೇಕು, ಬಿಡಬೇಕು. ಎಂಟು ಪೌಂಡು ದಾಟಿದ ಮೀನು ಹಿಡಿದವನ ಹೆಸರನ್ನು ಊಟದ ಕೋಣೆಯ ದೊಡ್ಡ ಹಲಗೆಯ ಮೇಲೆ ಕಾದ ಕಬ್ಬಿಣದಿಂದ ಬರೆಯುತ್ತಿದ್ದರು, ಕೆಳಗೆ ಫೋಟೊ ಅಂಟಿಸುತ್ತಿದ್ದರು. ಅದಕ್ಕೊಂದು ಪುಸ್ತಕವಿತ್ತು. ತೂಕದ ಕೆಳಗೆ ಜೊತೆಗಿದ್ದ ಆಳಿನ ರುಜು ಬಿದ್ದರೆ ಮಾತ್ರ ಹೆಸರು ಹಲಗೆ ಏರುತ್ತಿತ್ತು. ಕೀಚ್ ಈ ರುಜುವಿನ ವಿಷಯವನ್ನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಕಾಡಿನ ಮನುಷ್ಯ ಸುಳ್ಳು ಹೇಳುವುದಿಲ್ಲವಂತೆ.

ಒಂದು ಜುಲೈನಲ್ಲಿ, ಸರೋವರದ ನೀರು ಹೊಳೆಯಾಗಿ ಹೊರಬೀಳುವ ಜಾಗದ ಕಲ್ಲುಮಡುವಿನಲ್ಲಿ, ಒಂದು ಹೆಣ್ಣು ಟ್ರೌಟ್ ಸಿಕ್ಕಿತು. ಎಂಟು ಪೌಂಡು ಹನ್ನೊಂದು ಔನ್ಸು, ನ್ಯಾಯವಾದ ತೂಕ. ಹಿಡಿದವನು ಯಾರೋ ವಕೀಲ. ಕೊಕ್ಕೆ ಬಿಡಿಸುವಾಗ ಆತುರಪಟ್ಟು ಎಳೆದ. ಮೀನಿನ ಎಡದವಡೆಯ ಮೂಳೆ ಕಿತ್ತು ಬಂತು. ಓಬೆಡ್ ರುಜು ಹಾಕಿದ. ಮೂರು ವಾರದ ಮೇಲೆ ಅದೇ ಮಡುವಿನಲ್ಲಿ ಇನ್ನೊಬ್ಬ ಅತಿಥಿಗೆ ಅದೇ ಮೀನು ಸಿಕ್ಕಿತು. ಓಬೆಡ್‌ಗೆ ನೋಡುತ್ತಲೇ ಗುರುತಾಯಿತು. ಅತಿಥಿಗೆ ಎಲ್ಲಿ ಗೊತ್ತಾಗಬೇಕು? ಹರಿದ ದವಡೆ ಕಂಡರೆ ಅವನ ಸಂತೋಷ ಕೆಡುತ್ತದೆ, ಕೀಚ್ ಮುಖ ಸಿಂಡರಿಸುತ್ತಾನೆ. ಓಬೆಡ್ ಕ್ಯಾಮೆರಾ ಎತ್ತಿ ಹೇಳಿದ: "ಬಾಲ ಬಲಗೈಲಿ ಸಾರ್, ತಲೆ ಎಡಗೈಲಿ. ಹಾಂ, ಹಂಗೇ." ಹಾಗೆ ಹಿಡಿದರೆ ಕ್ಯಾಮೆರಾಗೆ ಕಾಣುವುದು ಮೀನಿನ ಬಲಮಗ್ಗುಲು ಮಾತ್ರ.

ಆಮೇಲೆ ಅದೇ ಪದ್ಧತಿಯಾಯಿತು. ಓಬೆಡ್‌ನ ಅಕ್ಕನ ಮಗ ಸೈಲಸ್, ನಲವತ್ತರ ಮೇಲಿನವನು, ನಾಲ್ಕು ಮಕ್ಕಳ ತಂದೆ, ಅವನೂ ಲಾಡ್ಜಿನ ಆಳೇ. ಆ ಮೀನಿಗೆ 'ಪೋಸ್ಟಾಫೀಸಮ್ಮ' ಎಂದು ಹೆಸರಿಟ್ಟ. ಬಂದವರೆಲ್ಲ ಒಂದೊಂದು ಠಸ್ಸೆ ಒತ್ತಿ ಹೋಗುತ್ತಾರೆ ಎಂದು. ಆಳುಗಳೆಲ್ಲ ಕದ್ದು ನಕ್ಕರು. ನಾಲ್ಕು ಬೇಸಿಗೆಯಲ್ಲಿ ಅದನ್ನು ಒಂಬತ್ತು ಸಲ ಹಿಡಿದರು. ಹರಿದ ಬಾಯಿಯಲ್ಲಿ ನೆಟ್ಟಗೆ ತಿನ್ನಲಾರದೆ ಅದು ವರ್ಷ ವರ್ಷ ಸೊರಗಿತು, ತಲೆ ದೊಡ್ಡದಾಗಿ ಮೈ ಸಣ್ಣದಾಯಿತು. ಆದರೆ ತೂಗುವಾಗ ನೀರು ಕುಡಿದ ಬಲೆಯ ಸಮೇತ ತೂಗಿ, ಬಲೆಯ ತೂಕ ಕಳೆಯುವುದನ್ನು ಮರೆಯುತ್ತಿದ್ದರು. ಹೀಗಾಗಿ ಮೀನು ಸೊರಗುತ್ತಾ ಹೋದಂತೆ ಪುಸ್ತಕದಲ್ಲಿ ಬೆಳೆಯುತ್ತಾ ಹೋಯಿತು. ಒಂಬತ್ತು ಸಲವೂ ಓಬೆಡ್‌ನ ರುಜು.

ಹಲಗೆಯ ಮೇಲೆ ಒಂಬತ್ತು ಫೋಟೊ, ಒಂದೇ ಮೀನು, ಅದೇ ಬಲಮಗ್ಗುಲು, ಅವೇ ಕೆಂಪು ಚುಕ್ಕೆಗಳು. ಇಪ್ಪತ್ತು ಮಂದಿ ಅದರ ಎದುರು ಕೂತು ದಿನವೂ ಊಟ ಮಾಡುತ್ತಿದ್ದರು. ಒಬ್ಬನೂ ಗಮನಿಸಲಿಲ್ಲ. ಪ್ರತಿಯೊಬ್ಬನೂ ತನ್ನ ಮುಖವನ್ನಷ್ಟೇ ನೋಡುತ್ತಿದ್ದ. ವೈನ್ ಸುರಿದುಕೊಂಡು, ಮೀನಿನ ಮೇಲೆ ತಮಗಿರುವ ಪ್ರೀತಿ ಎಂಥದೆಂದು ಒಬ್ಬರಿಗೊಬ್ಬರು ವಿವರಿಸುತ್ತಿದ್ದರು. ಅಡುಗೆಯವಳು ಹೇಳಿದ್ದು: ಕೆಲವರ ಕಣ್ಣಲ್ಲಿ ನೀರೂ ಬರುತ್ತಿತ್ತಂತೆ.

ಒಂಬತ್ತನೆಯ ರುಜುವಿನ ನಂತರ ಓಬೆಡ್ ಅತಿಥಿಗಳನ್ನು ಕಲ್ಲುಮಡುವಿಗೆ ಕರೆದೊಯ್ಯುವುದನ್ನು ನಿಲ್ಲಿಸಿದ. ಅಲ್ಲಿ ಕರಡಿ ಮರಿ ಹಾಕಿದೆ, ಹೋಗಬಾರದು ಎಂದು ಹೇಳತೊಡಗಿದ. ಆ ಮೀನು ತಾನಾಗಿ ಸಾಯಲಿ ಎಂಬುದಷ್ಟೇ ಅವನ ಯೋಚನೆ. ಎರಡು ಬೇಸಿಗೆ ಹೀಗೆ ನಡೆಯಿತು.

"ಮಾಮ, ನಿನ್ನ ಕರಡಿ ಎಷ್ಟು ಸಲ ಹೆರುತ್ತೆ?" ಎಂದು ಸೈಲಸ್ ಕೆಣಕುತ್ತಿದ್ದ.

"ನಿನ್ನ ಹೆಂಡ್ತಿಗಿಂತ ಕಡಿಮೆ. ಮುಚ್ಕೊಂಡು ದೋಣಿ ಕಟ್ಟು."

ಮೂರನೆಯ ಬೇಸಿಗೆಯ ಆಗಸ್ಟಿನಲ್ಲಿ ಹ್ಯಾಸ್ಕೆಲ್ ಬಂದ. ಒಹಾಯೊದ ನಿವೃತ್ತ ದಂತವೈದ್ಯ, ಅರವತ್ತಾರು ವರ್ಷ, ಇದು ಅವನ ಆರನೆಯ ಬೇಸಿಗೆ. ಹನ್ನೊಂದು ಗೆಳೆಯರ ಗುಂಪು ಕಟ್ಟಿಕೊಂಡು ಬರುತ್ತಿದ್ದ, ಗುಂಪಿನ ಯಜಮಾನ ಅವನೇ. ಆದರೆ ಹಲಗೆಯ ಮೇಲೆ ಹೆಸರಿಲ್ಲದಿದ್ದವನೂ ಅವನೊಬ್ಬನೇ. ಊಟದ ಹೊತ್ತಿನಲ್ಲಿ ಗೆಳೆಯರು ಇದನ್ನು ಮರೆಯಲು ಬಿಡುತ್ತಿರಲಿಲ್ಲ. ವಾರದ ಮಧ್ಯದಲ್ಲಿ ಅವನು ಕೀಚ್‌ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದ. ಮರುದಿನ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಕೀಚ್ ಓಬೆಡ್‌ನನ್ನು ಹಿಡಿದ.

"ಶುಕ್ರವಾರದೊಳಗೆ ಹ್ಯಾಸ್ಕೆಲ್ ಹೆಸರು ಹಲಗೆ ಮೇಲೆ ಇರ್ಬೇಕು."

"ಮೀನು ನಾನು ಸಾಕಿದ್ದಲ್ಲ ಸ್ಕಿಪ್ಪರ್."

"ಆ ಮಡುವಲ್ಲಿರೋದನ್ನ ಸಾಕಿರೋ ಹಂಗೇ ಇದೆಯಲ್ಲ. ಎರಡು ವರ್ಷದಿಂದ ಅಲ್ಲಿಗೆ ಯಾರನ್ನೂ ಬಿಟ್ಟಿಲ್ಲ ನೀನು. ನನಗೇನ್ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಅದು ಮುಗಿದ ಮೀನು. ಅದರ ಬಾಯಿ ನೀವು ನೋಡಿಲ್ಲ."

"ಮೀನಿನ ಬಾಯಿ ನೋಡೋಕೆ ಯಾರೂ ಇಲ್ಲಿಗೆ ಬರಲ್ಲ. ಫೋಟೊ ತೆಗೆಯೋಕೆ ನಿನಗೆ ಬರುತ್ತೆ." ಕೀಚ್ ವಿಮಾನದ ಕಡೆ ನೋಡಿದ. "ಜೂನ್‌ಗೆ ಸೀಟು ಕಡಿಮೆ ಮಾಡ್ಬೇಕು ಅಂತಿದ್ದೀನಿ, ಓಬೆಡ್. ಸೊಂಟ ನೆಟ್ಟಗಿರೋರು ಬೇಕಾದಷ್ಟು ಜನ ಕೇಳ್ತಿದ್ದಾರೆ."

ಓಬೆಡ್ ಎಂಟು ಗಂಟೆಗೆ ಹ್ಯಾಸ್ಕೆಲ್‌ನನ್ನು ದೋಣಿಯಲ್ಲಿ ಕೂರಿಸಿಕೊಂಡು ಕಲ್ಲುಮಡುವಿಗೆ ಹೊರಟ. ಇದನ್ನು ಬೇರೆ ರೀತಿಯಲ್ಲಿ ಹೇಳಲು ಬರುವುದಿಲ್ಲ. ಬೆದರಿಸಿದರು, ಅವನು ಹೋದ.

ಅಂದು ಗಾಳಿಯಿರಲಿಲ್ಲ, ವಿಪರೀತ ಸೆಕೆ. ಮಡುವಿನ ಮೇಲಿನ ನೀರು ಬೆಚ್ಚಗಿತ್ತು. ಅಂಥ ನೀರಿನಲ್ಲಿ ಟ್ರೌಟ್‌ಗೆ ಉಸಿರು ಸಾಲುವುದಿಲ್ಲ, ತಳದ ತಣ್ಣಗಿನ ಒರತೆಯ ಬಳಿ ಒತ್ತರಿಸಿಕೊಂಡು ನಿಲ್ಲುತ್ತದೆ. ಒರತೆ ಎಲ್ಲಿದೆಯೆಂದು ಓಬೆಡ್‌ಗೆ ಗೊತ್ತಿತ್ತು, ಬೆರಳು ಮಾಡಿ ತೋರಿಸಿದ. ಹ್ಯಾಸ್ಕೆಲ್ ಗರಿ ಕಟ್ಟಿದ ಹುಸಿನೊಣವನ್ನು ಅಲ್ಲಿಗೆ ಇಳಿಬಿಟ್ಟ. ಏಳನೆಯ ಸಲಕ್ಕೆ ಮೀನು ಕಚ್ಚಿತು. ಜೋರಾಗಿ ಕಚ್ಚಲೂ ಇಲ್ಲ, ಜೋರಾಗಿ ಎಳೆಯಲೂ ಇಲ್ಲ. ಹ್ಯಾಸ್ಕೆಲ್ ಮಾತ್ರ ಇಪ್ಪತ್ತು ನಿಮಿಷ ಎಳೆದಾಡಿದ. ನೂಲು ತೀರಾ ತೆಳ್ಳಗಿನದು. ತೆಳ್ಳಗಿನ ನೂಲಿನಲ್ಲಿ ಹಿಡಿಯುವುದೇ ದೊಡ್ಡಸ್ತಿಕೆ ಎಂದು ಅವರ ಲೆಕ್ಕ.

ಓಬೆಡ್ ಕೈಬಲೆಗೆ ತೆಗೆದುಕೊಂಡ. ಅದೇ ಮೀನು. ಮೈಮೇಲಿನ ಲೋಳೆ ಅಲ್ಲಲ್ಲಿ ಕಿತ್ತುಹೋಗಿ, ಆ ಜಾಗದಲ್ಲಿ ಬೂಸಲು ಹಿಡಿದು ಒದ್ದೆ ಹತ್ತಿಯ ಹಾಗೆ ಅಂಟಿಕೊಂಡಿತ್ತು. ಬಾಲದ ಬುಡ, ಒಂಬತ್ತು ಮಂದಿ ಬಿಗಿಯಾಗಿ ಹಿಡಿದ ಜಾಗ, ಬಿಳಿಚಿ ಸುಕ್ಕುಗಟ್ಟಿತ್ತು.

"ಬಾಲ ಬಲಗೈಲಿ ಸಾರ್, ತಲೆ ಎಡಗೈಲಿ," ಎಂದ ಓಬೆಡ್, ಮತ್ತು ಒಂದು ಫೋಟೊ ತೆಗೆದ.

"ಇನ್ನೊಂದು. ಇನ್ನೊಂದು ತೆಗಿ. ನಕ್ಕಿಲ್ಲ ನಾನು."

"ನೀರಲ್ಲಿ ಒಂದ್ಸಲ ಅದ್ದೋಣ ಸಾರ್, ಬಿಸಿಲು ಜಾಸ್ತಿ."

"ಅರ್ಧ ನಿಮಿಷ ತಡಿ ಮಾರಾಯ. ಆರು ವರ್ಷ ಕಾದಿದ್ದೀನಿ." ಹ್ಯಾಸ್ಕೆಲ್‌ನ ಬಲಗಿವಿಯಲ್ಲಿ ಕಿವಿಯಂತ್ರವಿತ್ತು. ಅದು ಫೋಟೊದಲ್ಲಿ ಕಾಣುತ್ತದೆಂದು ಅವನಿಗೆ ಆಗ ಹೊಳೆಯಿತು. "ನಾನು ಆ ಕಡೆ ತಿರುಗ್ತೀನಿ."

"ಬೇಡ ಸಾರ್, ಈ ಕಡೇನೇ ಬೆಳಕು ಚೆನ್ನಾಗಿದೆ."

"ನನಗೆ ಫೋಟೊ ಹೇಳ್ಕೊಡ್ಬೇಡ."

ಹ್ಯಾಸ್ಕೆಲ್ ಕೈ ಬದಲಿಸಿ ಮೀನನ್ನು ತಿರುಗಿಸಿ ಹಿಡಿದ. ಎಡದವಡೆ ಬಿಸಿಲಿಗೆ ಬಂತು. ದವಡೆ ಎನ್ನಲು ಅಲ್ಲಿ ಏನೂ ಉಳಿದಿರಲಿಲ್ಲ. ಒಂದು ಬದಿ ಪೂರ್ತಿ ತೆರೆದುಕೊಂಡು, ಹಳೆಯ ಗಾಯದ ಅಂಚು ಕಡುಹಳದಿ ತಿರುಗಿ, ಒಳಗಿನ ಕಿವಿರು ಹೊರಗಿಂದಲೇ ಕಾಣುತ್ತಿತ್ತು. ಆ ತೂತಿನೊಳಗೆ ಎರಡು ಬಿಳಿ ಹುಳು ಕಚ್ಚಿಕೊಂಡಿದ್ದವು. ನಲವತ್ತು ವರ್ಷ ಜನರ ಬಾಯಿಯೊಳಗೆ ಕೈ ಹಾಕಿ ಬದುಕಿದ ಮನುಷ್ಯ ಅದನ್ನು ನೋಡಿ ಮುಖ ಕಿವುಚಿದ.

"ಥೂ! ಇದೇನಿದು? ಕೊಳೆತ ಮೀನು ಕೊಡ್ತೀಯಾ ನನಗೆ?"

"ಕೊಳೆತಿಲ್ಲ ಸಾರ್. ಒಂಬತ್ತು ಸಲ ಹಿಡಿದಿದ್ದಾರೆ."

"ಏನಂದೆ?"

ಯಾಕೆ ಹೇಳಿದನೋ ಓಬೆಡ್‌ಗೂ ತಿಳಿಯದು. ಹೇಳಿ ಆಗಿತ್ತು. "ಹಲಗೆ ಮೇಲೆ ಇರೋದ್ರಲ್ಲಿ ಒಂಬತ್ತು ಇದೇ ಮೀನು ಸಾರ್. ನಿಮ್ಮ ಗೆಳೆಯರ ಮೂರು ಫೋಟೊ ಇದರದ್ದೇ."

ಹ್ಯಾಸ್ಕೆಲ್ ಮೀನನ್ನು ನೀರಿಗೆ ಎಸೆದ. ಬಿಡಲಿಲ್ಲ, ಎಸೆದ. ದೋಣಿಯ ಅಂಚಿಗೆ ಬಾಗಿ ಕೈ ತೊಳೆದು, ಬಟ್ಟೆಯಿಂದ ಒರೆಸಿ, ಮತ್ತೆ ತೊಳೆದ. ಮೀನು ಒಮ್ಮೆ ಬಾಲ ಆಡಿಸಿ, ಪಕ್ಕಕ್ಕೆ ವಾಲಿ, ಹೊಟ್ಟೆ ಮೇಲೆ ಮಾಡಿಕೊಂಡು ತೇಲಿತು. ತೆರೆದ ದವಡೆಯೊಳಗೆ ನೀರು ಹೋಗಿ ಬರುತ್ತಿತ್ತು.

"ನಡಿ, ಬೇರೆ ಕಡೆ ಹೋಗೋಣ. ಇನ್ನೂ ಹೊತ್ತಿದೆ."

ಓಬೆಡ್ ದೋಣಿ ತಿರುಗಿಸಲಿಲ್ಲ. ಕೈಬಲೆ ಚಾಚಿ ಮೀನನ್ನು ಎತ್ತಿಕೊಂಡ, ಹುಟ್ಟಿನ ಹಿಡಿಯಿಂದ ತಲೆಗೆ ಒಂದೇಟು ಹಾಕಿದ. ಆರು ವರ್ಷದ ಹಿಂದೆ ಹಾಕಬೇಕಾಗಿದ್ದ ಏಟು ಅದು.

"ಏಯ್! ಅದು ನಿಯಮಕ್ಕೆ ವಿರುದ್ಧ," ಎಂದ ಹ್ಯಾಸ್ಕೆಲ್.

"ಹೌದು ಸಾರ್."

ದಡಕ್ಕೆ ದೋಣಿ ಹಚ್ಚಿ, ಚಪ್ಪಟೆ ಕಲ್ಲಿನ ಮೇಲೆ ಮೀನನ್ನು ಸೀಳಿದ. ಜಠರದಲ್ಲಿ ಎರಡು ಕಡ್ಡಿ, ಒಂದಿಷ್ಟು ಮರಳು. ಆಗಸ್ಟಿನಲ್ಲಿ ಹೆಣ್ಣು ಟ್ರೌಟ್‌ನ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆ ತುಂಬಿರಬೇಕು. ಇದರಲ್ಲಿ ಬತ್ತಿದ ಎರಡು ಎಳೆ ಇದ್ದವು, ಅಷ್ಟೆ. ಜೇಬಿನಲ್ಲಿ ಅವನ ಹಳೆಯ ಸ್ಪ್ರಿಂಗ್ ತಕ್ಕಡಿಯಿತ್ತು. ಸೀಳುವ ಮುಂಚೆಯೇ ಬಲೆಯಿಲ್ಲದೆ ತೂಗಿದ್ದ: ಐದು ಪೌಂಡು ಎರಡು ಔನ್ಸು. ಬೆಂಕಿ ಹಾಕಿ, ಬಾಣಲೆಯಲ್ಲಿ ಹಂದಿಕೊಬ್ಬು ಕರಗಿಸಿ, ತುಂಡುಗಳನ್ನು ಹಾಕಿದ. ಒಳ್ಳೆಯ ಟ್ರೌಟ್‌ನ ಮಾಂಸ ಕೆಂಪಗಿರುತ್ತದೆ, ಎಸಳೆಸಳಾಗಿ ಬಿಡುತ್ತದೆ. ಇದು ಬೆಳ್ಳಗೆ, ನೆನೆಸಿದ ಕಾಗದದಂತೆ ಬಾಣಲೆಯ ತಳಕ್ಕೆ ಅಂಟಿ ನೀರು ಬಿಟ್ಟುಕೊಂಡಿತು. ಕೆಸರಿನ ವಾಸನೆ ಎದ್ದಿತು. ಓಬೆಡ್ ತಿಂದ. ಒಂದು ತುತ್ತು ಗಂಟಲಿನವರೆಗೆ ಬಂದು ನಿಂತಿತು, ಚಹಾ ಕುಡಿದು ಇಳಿಸಿದ. ಐದು ಪೌಂಡಿನ ಮೀನಿನಲ್ಲಿ ಬಹಳ ಮಾಂಸವಿರುತ್ತದೆ. ಒಂದು ಗಂಟೆಯ ಮೇಲೆ ಹಿಡಿಯಿತು. ತಲೆಯ ಕೆನ್ನೆಯನ್ನೂ ಬಿಡಲಿಲ್ಲ.

ಹ್ಯಾಸ್ಕೆಲ್ ದೂರದ ಬಂಡೆಯ ಮೇಲೆ ಕೂತು, ಕರಿನೊಣ ಓಡಿಸುತ್ತಾ ನೋಡಿದ. ಅವನು ದಡ್ಡನಲ್ಲ. ಓಬೆಡ್ ಬಾಣಲೆ ತಿಕ್ಕುವ ಹೊತ್ತಿಗೆ ಅವನ ಯೋಚನೆ ಮುಗಿದಿತ್ತು.

"ನೋಡು ಓಬೆಡ್. ನೀನು ಮೀನು ಕೊಂದೆ. ಅದನ್ನ ನಾನು ಕೀಚ್‌ಗೆ ಹೇಳಲ್ಲ."

ಓಬೆಡ್ ಬಾಣಲೆ ತಿಕ್ಕಿದ.

"ಮೊದಲನೇ ಫೋಟೊ ಚೆನ್ನಾಗೇ ಬಂದಿದೆ, ಅಲ್ವಾ? ಬಲಗಡೇದು. ಕಿವಿದು ಕಂಡ್ರೆ ಕಾಣ್ಲಿ ಬಿಡು. ಎಂಟು ಪೌಂಡು ಹದಿನಾಲ್ಕು ಔನ್ಸು ಅಂತ ಬರೆದು ರುಜು ಹಾಕು. ನನ್ನ ಹೆಸರು ಮೇಲೆ ಹೋಗುತ್ತೆ, ನಿನ್ನ ಕೆಲಸ ನಿನಗಿರುತ್ತೆ. ಆ ಒಂಬತ್ತರ ಮಾತೂ ಹೊರಗೆ ಬರಲ್ಲ."

"ನಿಮಗೆ ಥೂ ಅನ್ನಿಸ್ತಲ್ಲ ಸಾರ್ ಈ ಮೀನು?"

"ಫೋಟೊಗೆ ವಾಸನೆ ಇಲ್ಲ," ಎಂದ ಹ್ಯಾಸ್ಕೆಲ್, ಮತ್ತು ತನ್ನ ಮಾತಿಗೆ ತಾನೇ ನಕ್ಕ.

ಸಂಜೆ ಊಟಕ್ಕೆ ಮುಂಚೆ ಕೀಚ್ ಎಲ್ಲರ ಎದುರಿಗೆ ಪುಸ್ತಕ ತಂದಿಟ್ಟ. ಹನ್ನೊಂದು ಗೆಳೆಯರು ಚಪ್ಪಾಳೆ ತಟ್ಟಿದರು, ಯಾರೋ ಹ್ಯಾಸ್ಕೆಲ್‌ನ ಬೆನ್ನಿಗೆ ಗುದ್ದಿದರು. ಸೈಲಸ್ ಬಾಗಿಲ ಹತ್ತಿರ ನಿಂತಿದ್ದ. ಮುಂದಿನದನ್ನು ಊರಿಗೆ ಹೇಳಿದ್ದು ಅವನೇ. ಓಬೆಡ್ ಪೆನ್ನು ತೆಗೆದುಕೊಂಡು ಬಹಳ ಹೊತ್ತು ಬಾಗಿ ನಿಂತ. ಅವನು ನಾಲ್ಕನೆಯ ತರಗತಿಯವರೆಗೆ ಓದಿದವನು, ಅಕ್ಷರಗಳನ್ನು ಬಿಡಿಬಿಡಿಯಾಗಿ ಕೆತ್ತುವಂತೆ ಬರೆಯುತ್ತಾನೆ. ಬರೆದು, ಪೆನ್ನಿನ ಮುಚ್ಚಳ ಹಾಕಿ, ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋದ. ಕೀಚ್ ಎಲ್ಲರಿಗೂ ಕೇಳುವಂತೆ ಓದಲು ಪುಸ್ತಕ ಎತ್ತಿ, ಬಾಯಿ ತೆರೆದವನು ಹಾಗೇ ಮುಚ್ಚಿದ. ಪುಟದಲ್ಲಿ ಇದ್ದದ್ದು ಇಷ್ಟು: ಐದು ಪೌಂಡು ಎರಡು ಔನ್ಸು. ಹತ್ತನೇ ಸಲ. ಕೊಂದು ತಿಂದವನು ಓಬೆಡ್ ಮೆಶರ್.

"ಓದು, ಓದು!" ಎಂದು ಗೆಳೆಯರು ಕೂಗಿದರಂತೆ.

"ಮಸಿ ಚೆಲ್ಲಿದೆ," ಎಂದ ಕೀಚ್.

ಮರುದಿನ ಬೆಳಿಗ್ಗೆ ಓಬೆಡ್‌ನನ್ನು ಊರಿಗೆ ಕಳಿಸಿದರು. ಅಂದಿನ ವಿಮಾನದಲ್ಲಿ ಅತಿಥಿಗಳಿರಲಿಲ್ಲ. ವಾರದ ಕಸ, ಖಾಲಿ ಬಾಟಲಿ, ಖಾಲಿ ಗ್ಯಾಸ್ ಸಿಲಿಂಡರು ಹೊತ್ತೊಯ್ಯುವ ಸರದಿ ಅದು. ಕಸದ ಚೀಲಗಳ ನಡುವೆ ಅವನಿಗೊಂದು ಜಾಗ ಮಾಡಿದರು. ಟ್ರೈಫೀನಾ ದೋಣಿಕಟ್ಟೆಗೆ ಬಂದು, ಗಂಡನ ಕೋಟಿಗೆ ಹತ್ತಿದ ದನದ ಕೊಬ್ಬನ್ನು ನೋಡಿ, ಮೊದಲು ಕೋಟನ್ನು ಬಿಚ್ಚಿಸಿ ಕಟ್ಟೆಯ ಗೂಟಕ್ಕೆ ಹಾಕಿದಳು.

"ಮೇಲಿಂದ ಒಂದ್ಸಲ ನೋಡ್ದೆಯಾ ಕೆರೇನ?"

"ಎಲ್ಲಿ ನೋಡ್ಲಿ. ಕಿಟಕಿಗೆ ಚೀಲ ಅಡ್ಡ ಇತ್ತು."

ಊರು ಅವನನ್ನು ಹೊಗಳಲಿಲ್ಲ. ಒಂಬತ್ತು ಸಲ ಹಾಕಿದವನಿಗೆ ಹತ್ತನೆಯದು ಹಾಕಲು ಏನು ರೋಗ ಎಂದಿತು. ಆ ಪ್ರಶ್ನೆ ಸರಿಯಾಗಿಯೇ ಇದೆ. ಅವನನ್ನು ದೊಡ್ಡ ಮನುಷ್ಯನೆಂದು ನಾನೂ ಹೇಳುವುದಿಲ್ಲ. ಒಂದು ಪ್ರಾಣಿಯನ್ನು ಆರು ವರ್ಷ ಹಿಂಸಿಸಿದ ಕೆಲಸದಲ್ಲಿ ಅವನ ಕೈ ಎಲ್ಲರ ಕೈಗಿಂತ ಮುಂದಿತ್ತು. ಆದರೆ ಆ ಕೋಣೆಯಲ್ಲಿದ್ದ ಹದಿನೈದು ಮಂದಿಯಲ್ಲಿ, ಅದನ್ನು ಪುಸ್ತಕದಲ್ಲಿ ಬರೆದಿಟ್ಟದ್ದು ಅವನೊಬ್ಬನೇ. ಅಂದಿನಿಂದ ಟ್ರೌಟ್ ಬೇಯುವ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತಾನೆ.

ಸೆಪ್ಟೆಂಬರಿನ ಕೊನೆಗೆ ಲಾಡ್ಜು ಮುಚ್ಚಿತು. ಸೈಲಸ್ ಕೊಲ್ಲಿಯ ಆಚೆ ದಡದ ತನ್ನ ಮನೆಯಿಂದ ದೋಣಿಯಲ್ಲಿ ಬಂದ. ನಾನು ಆಗ ಟ್ರೈಫೀನಾಳ ಅಡುಗೆಮನೆಯಲ್ಲಿದ್ದೆ. ಓಬೆಡ್ ಕೊಡಲಿಗೆ ಹೊಸ ಕಾವು ಕೂರಿಸುತ್ತಿದ್ದ. ಸೈಲಸ್ ಟೋಪಿ ತೆಗೆಯದೆ ಕೂತ.

"ಮಾಮಿ, ಚಹಾ ಇದೆಯಾ?"

"ಇದೆ. ರುಜು ಹಾಕಿ ಕುಡಿಬೇಕು," ಎಂದಳು ಟ್ರೈಫೀನಾ. ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು.

ಸೈಲಸ್ ಕೆಂಪಾದ. ಕೀಚ್ ಆ ಪುಟ ಹರಿದುಹಾಕಿದ್ದ. ಹೊಸ ಪುಟದಲ್ಲಿ ಎಂಟು ಪೌಂಡು ಹದಿನಾಲ್ಕು ಔನ್ಸು ಎಂದು ಬರೆದು ರುಜು ಹಾಕಿದವನು ಸೈಲಸ್. ಹ್ಯಾಸ್ಕೆಲ್‌ನ ಹೆಸರು ಹಲಗೆ ಏರಿತ್ತು.

"ನನಗೆ ನಾಲ್ಕು ಮಕ್ಕಳು, ಮಾಮ."

"ನಾನೇನಾದ್ರೂ ಅಂದ್ನಾ? ನಾನು ಒಂಬತ್ತು ಹಾಕಿದ್ದೆ."

ಸೈಲಸ್ ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ಪುಸ್ತಕದ್ದೇ ಪುಟ. ಅವನ ರುಜುವಿನ ಪಕ್ಕದಲ್ಲಿ ಖಾಲಿ ಜಾಗವಿತ್ತು. "ಹ್ಯಾಸ್ಕೆಲ್ ಗೆಳೆಯರು ಕೇಳ್ತಾರಂತೆ, ಹತ್ರ ಇದ್ದೋನು ಓಬೆಡ್ ಅಲ್ವಾ, ಅವನ ರುಜು ಎಲ್ಲಿ ಅಂತ. ಇಲ್ಲಿ ನೀನೊಂದು ಹಾಕ್ಬಿಟ್ರೆ ಜೂನ್‌ಗೆ ನಿನ್ನ ಸೀಟು ಇದೆಯಂತೆ. ಕೀಚೇ ಹೇಳಿ ಕಳಿಸಿದ. ಹಿಂದಿನದೆಲ್ಲ ಮರ್ತಿದ್ದಾನೆ."

ಟ್ರೈಫೀನಾ ಗಂಡನ ಮುಖ ನೋಡಲಿಲ್ಲ, ಕೆಟಲಿಗೆ ನೀರು ತುಂಬಿದಳು.

ಓಬೆಡ್ ಕಾಗದ ಎಳೆದುಕೊಂಡು ಪೂರ್ತಿ ಓದಿದ. ಬೆರಳನ್ನು ಖಾಲಿ ಜಾಗದ ಮೇಲೆ ಇಟ್ಟುಕೊಂಡು ಕೇಳಿದ: "ನೀರು ಎಷ್ಟಿತ್ತು?"

"ಎಲ್ಲಿ?"

"ಕೆರೇಲಿ ಕಣೋ."

"ಇಳಿದಿತ್ತು. ಮೂರನೇ ಬಂಡೆ ಪೂರ್ತಿ ಒಣಗಿತ್ತು."

"ಮೂರನೇದಾ? ಅಪ್ಪ ಇದ್ದಾಗ ಒಂದೇ ಸಲ ಹಂಗಾಗಿತ್ತು. ದಿಮ್ಮಿಮನೆ ಮಾಡು?"

"ಹಿಂದುಗಡೆ ಕುಸೀತಿದೆ. ಈ ಚಳಿಗಾಲ ತಡೆಯಲ್ಲ."

"ಹಿಮಸಾರಂಗ ದಾಟಿದ್ವಾ?"

"ಹದಿನೈದು ಕಂಡ್ವು. ಉತ್ತರದ ಮೂಲೇಲಿ."

"ಈಜಿ ದಾಟಿದ್ವೋ, ಸುತ್ತು ಹಾಕಿದ್ವೋ?"

"ಈಜಿ. ಒಂದು ಮರಿ ಇತ್ತು, ತಾಯಿ ಬೆನ್ನಿಗೆ ಅಂಟ್ಕೊಂಡೇ ಈಜ್ತು."

ಹೀಗೆ ಅರ್ಧ ಗಂಟೆ ಕೇಳಿದ. ಗಾಳಿ ಯಾವ ಕಡೆಯಿಂದ, ಮೊದಲ ಹಿಮ ಯಾವತ್ತು ಬಿತ್ತು, ಒರತೆಯ ಬಳಿಯ ಬರ್ಚ್ ಮರ ನಿಂತಿದೆಯೇ. ಸೈಲಸ್ ಗೊತ್ತಿದ್ದದ್ದಕ್ಕೆಲ್ಲ ಉತ್ತರ ಕೊಟ್ಟ, ಗೊತ್ತಿಲ್ಲದ್ದಕ್ಕೆ ಸುಳ್ಳು ಹೇಳಲಿಲ್ಲ. ಚಹಾ ಎರಡು ಸಲ ಆಯಿತು. ಕೇಳುವುದು ಮುಗಿದ ಮೇಲೆ ಓಬೆಡ್ ಆ ಜಾಗವನ್ನು ಖಾಲಿಯೇ ಬಿಟ್ಟು, ಕಾಗದವನ್ನು ಅದೇ ಮಡಿಕೆಗಳ ಮೇಲೆ ಮಡಿಚಿ, ಸೈಲಸ್‌ನ ಕೈಗೆ ಕೊಟ್ಟ.

"ಹೊರಡು. ಗಾಳಿ ಏಳೋ ಮುಂಚೆ ದಾಟಿಬಿಡು."

"ಕೀಚ್‌ಗೆ ಏನ್ ಹೇಳ್ಲಿ ಮಾಮ?"

"ಕಾಗದ ತೋರ್ಸು. ಓದೋಕೆ ಬರುತ್ತಲ್ಲ ಅವನಿಗೆ."

ಸೈಲಸ್ ಹೋದ ಮೇಲೆ ಓಬೆಡ್ ಕೊಡಲಿ ಎತ್ತಿಕೊಂಡ. ಕಾವಿಗೆ ಬೆಣೆ ಹೊಡೆಯುವುದು ಬಾಕಿಯಿತ್ತು. ಟ್ರೈಫೀನಾ ಅವನು ಕುಡಿಯದೆ ಬಿಟ್ಟಿದ್ದ ಚಹಾವನ್ನು ಹೊರಗೆ ಚೆಲ್ಲಿ, ಬೇರೆ ಹಾಕಿಕೊಟ್ಟಳು. ಮುಂದಿನ ಜೂನ್‌ನಲ್ಲಿ ಹಿಮಗಡ್ಡೆ ಒಡೆಯಿತು, ವಿಮಾನ ಹೊರಟಿತು. ಸೈಲಸ್ ಈಗ ಲಾಡ್ಜಿನ ಹಿರಿಯ ಆಳು.